ಅಮ್ಮಿಯ ದನಿಯ ಮೇಲೊಂದು ದನಿ

ಎಲ್ಲಿಯವಳೋ ಫ್ರೆಂಚ್ ಹೆಂಗಸೊಬ್ಬಳು ನಮ್ಮ ಅಮ್ಮಿಯ ಬಾಯಿ ಮುಚ್ಚಿಸಿಬಿಟ್ಟಳು. ಇಡೀ ದಾವಣಗೆರೆಯಲ್ಲಿ ಯಾರ ಕೈಯಲ್ಲೂ ಆಗದಿದ್ದ ಕೆಲಸ ಅದು.

ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪ ತೀರಿಹೋದ ಮೇಲೆ ಅಕ್ಕಿ ಹುರಿಯುವ ಕಾದ ಮರಳಿನ ಮುಂದೆ ಕೂತು ಅದನ್ನು ನಡೆಸಿದವಳು ಅಮ್ಮಿ, ನನ್ನ ತಾಯಿ ಹಜೀರಾಬೀ. ಮನೆಯಲ್ಲಿ ಉರ್ದು, ಭಟ್ಟಿಯಲ್ಲಿ ಕನ್ನಡ. ಬೈಗುಳವಂತೂ ಕನ್ನಡದಲ್ಲೇ, ನನ್ನನ್ನು ಬೈದದ್ದು ಆಳುಗಳಿಗೂ ತಿಳಿಯಲಿ ಅಂತ.

ಹೋದ ಚಳಿಗಾಲದಲ್ಲಿ ಯುರೋಪಿನಿಂದ ಕ್ಲೆಮಾನ್ಸ್ ಎಂಬ ರೇಡಿಯೋದವಳು ಬಂದಳು. ಅವರ ದೇಶದಲ್ಲಿ ಫ್ರೆಂಚ್ ಆಡುವ ಸೀಮೆಗೆಂದೇ ಬೇರೆ ರೇಡಿಯೋ ಇದೆಯಂತೆ, ನಮ್ಮ ಆಕಾಶವಾಣಿಯ ಹಾಗೆ ಸಾರ್ವಜನಿಕರದ್ದು. ಬೆಂಕಿಯ ಮುಂದೆ ದುಡಿಯುವ ಹೆಂಗಸರ ಬಗ್ಗೆ ಕಾರ್ಯಕ್ರಮ. ದುಭಾಷಿಯಾಗಿ ಬಂದವಳು ಹರಿಹರದ ತನುಶ್ರೀ, ಫ್ರೆಂಚ್ ಕಲಿತ ಹುಡುಗಿ.

ಫೋನು ಎತ್ತಿ ಹಿಡಿದರೆ ಸಾಕು, ಸೆರಗು ಮುಖಕ್ಕೆ ಎಳೆದುಕೊಂಡು ಗಪ್‌ಚಿಪ್ ಆಗುವ ಅಮ್ಮಿ ಆ ಮೈಕಿನ ಮುಂದೆ ಮಧ್ಯಾಹ್ನವೆಲ್ಲ ಮಾತಾಡಿದಳು. ನಕ್ಕಳು, ಅತ್ತಳು, ಹಾಡಿದಳು ಕೂಡ. ನನ್ನ ಮಗಳು ಇರಮ್ ಮೊಬೈಲಿನಲ್ಲಿ ಹಿಡಿಯಲು ಹೋದಳು. ಆ ಪುಣ್ಯಾತ್ಗಿತ್ತಿ ಕ್ಲೆಮಾನ್ಸ್, ಮೈಕಿಗೆ ಅದರ ಗುಂಯ್ ಸದ್ದು ಬೀಳುತ್ತದೆ, ಎಲ್ಲರೂ ಆಫ್ ಮಾಡಿ ಎಂದಳು. ಆಫ್ ಮಾಡಿದೆವು.

ಬೇಸಿಗೆಯಲ್ಲಿ ಅಮ್ಮಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ಅಲ್ಲಾಹನ ದಯೆ. ದನಿ ಮಾತ್ರ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಅವಳು ತನ್ನ ಗಂಟಲು ಮುಟ್ಟಿದಳು, ಕಿವಿ ಮುಟ್ಟಿದಳು, ನನ್ನ ಫೋನಿನ ಕಡೆ ಕೈ ಮಾಡಿದಳು. ತನ್ನ ದನಿಯನ್ನು ತಾನೊಮ್ಮೆ ಕೇಳಬೇಕಂತೆ. ಮನೆಯ ಫೋನುಗಳನ್ನೆಲ್ಲ ಜಾಲಾಡಿದೆವು. ತಂಗಿಯ ಮದುವೆಯ ವಿಡಿಯೋದಲ್ಲಿ ಅಮ್ಮಿ ಬಾಯಿ ಆಡಿಸುತ್ತಿದ್ದಾಳೆ, ಮೇಲೆ ಸಿನಿಮಾ ಹಾಡು ಕೂರಿಸಿದ್ದಾರೆ. ಆ ವಿಡಿಯೋದವನ ಮನೆ ಹಾಳಾಗ. ಆಗ ರೇಡಿಯೋ ನೆನಪಾಯಿತು.

ಹರಿಹರಕ್ಕೆ ಓಡಿದೆ. ತನುಶ್ರೀ ಕಾರ್ಯಕ್ರಮ ಹುಡುಕಿ ಹಚ್ಚಿದಳು. ಮೊದಲು ಮರಳಿನ ಸದ್ದು, ಆಮೇಲೆ ಅಮ್ಮಿ ನನ್ನನ್ನು ಬೈದ ಒಂದೇ ಒಂದು ಮಾತು. ಅಷ್ಟರಲ್ಲೇ ಅಮ್ಮಿಯ ದನಿ ತಗ್ಗಿ, ಅದರ ಮೇಲೆ ಯಾವಳೋ ನುಣ್ಣನೆಯ ಫ್ರೆಂಚಿನಲ್ಲಿ ಓದತೊಡಗಿದಳು. ಅಡಿಯಲ್ಲಿ ಅಮ್ಮಿ ಗೋಡೆಯಾಚೆ ಗೊಣಗಿದಂತೆ ಕೇಳುತ್ತಿತ್ತು, ಕೊನೆಯವರೆಗೂ.

"ಇವಳ್ಯಾರವ್ವ ನಡುವೆ?" ಎಂದೆ.

ಅಲ್ಲಿಯವರಿಗೆ ಕನ್ನಡ ಬರುವುದಿಲ್ಲವಲ್ಲ, ಶುರುವಿನಲ್ಲಿ ಒಂದು ಮಾತನ್ನು ಹಾಗೇ ಕೇಳಿಸಿ ಆಮೇಲೆ ಅನುವಾದ ಓದುತ್ತಾರೆ, ರೇಡಿಯೋದ ಪದ್ಧತಿಯೇ ಹಾಗೆ ಎಂದಳು ತನುಶ್ರೀ. ಹಾಗಾದರೆ ಮೂಲವನ್ನು ತರಿಸು ಎಂದೆ. ಪಾಪ, ಅಲ್ಲೇ ಫೋನು ಮಾಡಿದಳು. ಪ್ರಸಾರವಾದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಾರಂತೆ. ಕ್ಲೆಮಾನ್ಸ್ ಫೋನಿನಲ್ಲೇ ಅತ್ತಳು. ಅವಳು ಅತ್ತರೆ ನನಗೇನು ಬಂತು?

"ಮ್ಯಾಲಿನ ದನಿ ಒಂದನ್ನ ತೆಗಿಯಾಕ ಆಗಲ್ಲೇನವ್ವ?"

"ಅನ್ನ ಸಾರು ಕಲಸಿದ ಮ್ಯಾಲೆ ಬ್ಯಾರೆ ಮಾಡಾಕಾಗತ್ತಾ ಅಂಕಲ್?"

ಕಾರ್ಯಕ್ರಮವನ್ನು ನನ್ನ ಫೋನಿಗೆ ಹಾಕಿಸಿಕೊಂಡು, ಬಸ್ಸಿನುದ್ದಕ್ಕೂ ಹಲ್ಲು ಕಡಿಯುತ್ತ ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟು ಒಳ್ಳೆಯ ಮಾತುಗಳಲ್ಲಿ ಉಳಿದದ್ದು ಒಂದು ಬೈಗುಳ. ಅದನ್ನು ಹೇಗೆ ಕೇಳಿಸುವುದು ಎಂದು ನಾಚಿಕೆ, ಸಿಟ್ಟು ಎರಡೂ.

ಅಮ್ಮಿ ಭಟ್ಟಿಯ ಬಾಗಿಲಲ್ಲಿ, ಹೊಗೆ ತಾಗದ ಕಡೆ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತು ಇಷ್ಟೇ ಉಳಿದಿದೆ ಎಂದೆ, ಫೋನು ಒತ್ತಿದೆ.

"ಹಿದಾಯತ್, ಏನ್ ಬಾಯ್ ಬಿಟ್ಕಂಡ್ ನಿಂತಿಯೋ, ಅಕ್ಕಿ ಸೀದೋಗ್ತೈತೆ, ಉರಿ ತಗ್ಗಸು."

ಕೇಳಿದ್ದೇ ತಡ, ನಾನು ದಡಕ್ಕನೆ ಎದ್ದು ಒಲೆಯ ಕಡೆ ಓಡಿದ್ದೆ. ಅರ್ಧ ದಾರಿಯಲ್ಲಿ ಎಚ್ಚರವಾಗಿ ತಿರುಗಿ ನೋಡಿದರೆ ಅಮ್ಮಿ ನಗುತ್ತಿದ್ದಾಳೆ. ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿವೆ, ಕಣ್ಣಲ್ಲಿ ನೀರು. ಇನ್ನೊಮ್ಮೆ ಹಚ್ಚು ಎಂದು ಫೋನಿನ ಕಡೆ ಬೆರಳು ಮಾಡಿದಳು. ಆಮೇಲೆ ಅದೇ ಬೆರಳನ್ನು ಒಲೆಯ ಕಡೆ ತಿರುಗಿಸಿದಳು.

ಉರಿ ನಿಜಕ್ಕೂ ಹೆಚ್ಚಾಗಿತ್ತು. ಹೋಗಿ ತಗ್ಗಿಸಿದೆ.