ಒಂದು ಹಿಡಿ ಸೋಡಾ

ಸೊಸೆ ಮೈದಾನದ ಬೇಲಿ ಹಿಡಿದು ಬಗ್ಗಿ ನಿಂತಿದ್ದಳು. ಹೊಟ್ಟೆ ಉಬ್ಬರಿಸಿ ತೇಗಿನ ಮೇಲೆ ತೇಗು. ಎಂಟುನೂರು ಮೀಟರ್ ಓಟಕ್ಕೆ ಆಗಲೇ ಕರೆಯುತ್ತಿದ್ದರು. ಮೊದಲ ಇಬ್ಬರಿಗಷ್ಟೇ ತಂಡದಲ್ಲಿ ಜಾಗ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ.

"ನೀರಿನ ಬಾಟಲಿಗೆ ಅಡುಗೆ ಸೋಡಾ ಎಷ್ಟು ಹಾಕಿದ್ರಿ ಯಜಮಾನ್ರೇ?" ಎಂದು ಕೋಚ್ ಮೇಡಂ ಕೇಳಿದರು.

ಬೇಕರಿ ನಡೆಸುವ ಅವಳ ಮಾವ ತಮ್ಮ ಅಂಗೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಮೈದಾ ಇತ್ತು. "ಕೈ ಅಳತೆ. ಒಂದು ಹಿಡಿ."

"ನಾನು ಹೇಳಿದ್ದು ಚಮಚದ ಲೆಕ್ಕ. ಅದು ಹೊಟ್ಟೆ, ನಿಮ್ಮ ಹಿಟ್ಟಿನ ಪಾತ್ರೆ ಅಲ್ಲ."

ಹೇಳಿದ್ದೇನೋ ನಿಜ. ಜೀವ ಬಿಟ್ಟು ಓಡಿದರೆ ಸ್ನಾಯುಗಳಲ್ಲಿ ಆಮ್ಲ ಹೆಚ್ಚಿ ರಕ್ತಕ್ಕೂ ಸೇರುತ್ತದೆ, ಸೋಡಾ ಕುಡಿದರೆ ಅದು ಸ್ವಲ್ಪ ತಗ್ಗುತ್ತದೆ ಎಂದು ಮೇಡಂ ಬಿಡಿಸಿ ಹೇಳಿದ್ದರು. ಆದರೆ ಈ ಮನುಷ್ಯ ಕೇಳಬೇಕಲ್ಲ. 'ಹುಳಿ ಮುರಿಯೋದು ತಾನೇ, ಅದನ್ನ ನನಗೆ ಹೇಳಿಕೊಡ್ತೀರಾ' ಎಂದು ಬೀಗಿದ್ದರು. ಪುಣ್ಯಕ್ಕೆ ಸೊಸೆ ಅರ್ಧ ಬಾಟಲಿಯಷ್ಟೇ ಕುಡಿದಿದ್ದಳು.

"ಬೇಡ ಬಿಡಮ್ಮ, ಮನೆಗೆ ಹೋಗೋಣ," ಎಂದರು ಮಾವ.

"ಸುಮ್ನಿರಿ ಮಾವ," ಎಂದು ಅವಳು ಗೆರೆಯತ್ತ ನಡೆದಳು.

ಮೊದಲ ಸುತ್ತಿನಲ್ಲಿ ಅವಳೇ ಕೊನೆಯವಳು. ಮಾವನಿಗೆ ತಮ್ಮ ಕೈಯನ್ನೇ ಕತ್ತರಿಸಿ ಬಿಸಾಡುವಷ್ಟು ಸಿಟ್ಟು ಬಂತು. ಎರಡನೇ ಸುತ್ತಿನ ತಿರುವಿನಲ್ಲಿ ಮುಂದಿದ್ದವರ ಕಾಲು ಸೋಲತೊಡಗಿದವು. ಇವಳ ಕಾಲು ಮಾತ್ರ ಸೋಲಲಿಲ್ಲ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಮಾವ ಬೇಲಿಯ ಈಚೆ ಅವಳ ಜೊತೆಜೊತೆಗೇ ಓಡುತ್ತಿದ್ದರು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋದದ್ದೂ ಅವರಿಗೆ ಗೊತ್ತಾಗಲಿಲ್ಲ. ನೀಲಿ ಅಂಗಿಯವಳೊಬ್ಬಳು ಮುಂದೆ ಉಳಿದಳು. ಅವಳ ಬೆನ್ನಿಗೇ ಸೊಸೆ ಗೆರೆ ದಾಟಿದಳು. ಎರಡನೆಯವಳು.

ದಾಟಿದವಳೇ ಮಂಡಿಯೂರಿ ವಾಂತಿ ಮಾಡಿಕೊಂಡಳು. ಆಮೇಲೆ ಏದುಸಿರು.

"ಉಸಿರು ಬಿಡು, ತಡೀಬೇಡ," ಎಂದು ಮೇಡಂ ಬೆನ್ನು ಸವರಿದರು. "ಒಳಗಿನ ಆಮ್ಲ ಹಾಗೇ ಇಳಿಯೋದು."

ಮಾವ ಬಂದು ಒಂಟಿ ಚಪ್ಪಲಿಯಲ್ಲಿ ನಿಂತರು.

"ಕಾಲು ಉರೀತೋ ಇಲ್ವೋ ಗೊತ್ತೇ ಆಗ್ಲಿಲ್ಲ ಮಾವ," ಎಂದು ಅವಳು ನಗುತ್ತ ಬಾಯಿ ಒರೆಸಿಕೊಂಡಳು. "ದಾರೀಲಿ ವಾಂತಿ ಆಗದಿದ್ರೆ ಸಾಕು ಅಂತ ಓಡ್ದೆ. ನೀರು ಕೊಡಿ."

ಮಾವ ಹೊಸ ಬಾಟಲಿಯ ಮುಚ್ಚಳ ತೆಗೆದರು. ಅಂಗೈಗೆ ಒಂದಿಷ್ಟು ಸುರಿದುಕೊಂಡು ಮೊದಲು ತಾವು ಕುಡಿದು ನೋಡಿದರು. ಆಮೇಲೆ ಅವಳಿಗೆ ಕೊಟ್ಟರು.