ಮೂರಕ್ಷರದ ವಿಷಾದ

ಮತ್ತೆ ಎದ್ದಿತು ಸ್ಕ್ರೀನಿನ ಮೇಲೆ ಆ ಹಳದಿ ಚೀಟಿ, ನಾನು ಹೊಡೆದದ್ದು ನಾಲ್ಕೇ ಅಕ್ಷರ, ಅಷ್ಟರಲ್ಲೇ ಸಾಲಿನ ತಲೆಯ ಮೇಲೆ ಪುಟ್ಟದಾಗಿ ತೇಲುತ್ತ, ಥ್ಯಾಂಕಿಂಗ್ ಯೂ ಅಂತ ತಾನೇ ಬರೆಯುವವಳು ನೀನು, ಎಂಟರ್ ಒತ್ತು, ಮುಂದಿನದು ನನಗಿರಲಿ ಅನ್ನುತ್ತ — ಇಲ್ಲ, ನಾನು ಬರೆಯಲು ಹೊರಟದ್ದು ಅದಲ್ಲ, ಏನು ಬರೆಯಲು ಹೊರಟಿದ್ದೆನೋ ಅದೂ ಗೊತ್ತಿಲ್ಲ, ಅಳಿಸು, ಅಳಿಸು, ಎ.ಸಿ. ನೇರ ಕತ್ತಿನ ಮೇಲೆ ಬೀಸುತ್ತಿದೆ, ಬೆರಳೆಲ್ಲ ತಣ್ಣಗಾಗಿವೆ, ಗಾಜಿನ ಆಚೆ ಬೇಗಂಪೇಟೆಯ ರಸ್ತೆ ಸುಡುತ್ತಿದೆ, ಒಳಗೆ ಕೂತು ನಾನು ನಡುಗುತ್ತಿದ್ದೇನೆ, ಬೆನ್ನ ಹಿಂದೆ ಪ್ರಿಂಟರು ಒಂದೊಂದೇ ಕಾಗದ ಉಗುಳುತ್ತಿದೆ, ಕೆಲಸ ಕೇಳಿ ಬರೆದಿದ್ದ ಅರವತ್ತು ಜನಕ್ಕೆ ಅರವತ್ತು ವಿಷಾದಪತ್ರ, ಸಂಜೆಯ ಕೊರಿಯರಿಗೆ ಕೊಡಬೇಕು, ಕ್ಯಾಬಿನ್ನಿನಿಂದ ಶೋಭಾ ಮೇಡಂ ಕೂಗುತ್ತಿದ್ದಾರೆ, ಶಾಂಭವೀ, ವೋ ರಿಗ್ರೆಟ್ ಲೆಟರಾಂ ಹೋ ಗಯೇ ಕ್ಯಾ, ಹೋ ರಹೇ ಮೇಡಂ, ಹೋ ರಹೇ — ಅವರಿಗೇನು ಗೊತ್ತು, ಅರವತ್ತೊಂದನೆಯದು ನನ್ನ ಸ್ಕ್ರೀನಿನ ಮೇಲೆ ಬಿಚ್ಚಿಕೊಂಡು ಕೂತಿದೆ, ನನ್ನ ಹೆಸರಿಗೇ ಬಂದದ್ದು, ಹರ್ಷ ಕಳಿಸಿದ್ದು. ಊಟ ಮುಗಿಸಿ ಬಂದು ಮೇಲ್ ತೆಗೆದರೆ ಮಾತಿಲ್ಲ ಕಥೆಯಿಲ್ಲ, ಬರೀ ಒಂದು ವರ್ಡ್ ಫೈಲು. ಅವನ ಸೀಟು ಆಚೆ ಸಾಲಿನ ಕೊನೆಗೆ, ಎದ್ದು ನಿಂತರೆ ಕಾಣುತ್ತದೆ, ಮೂರು ಸಲ ಎದ್ದು ನಿಂತೆ, ಖಾಲಿ ಕುರ್ಚಿ, ಬ್ಯಾಗೂ ಇಲ್ಲ, ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದನಂತೆ.

ತಾವು ನಮ್ಮಲ್ಲಿ ತೋರಿದ ಆಸಕ್ತಿಗೆ ಧನ್ಯವಾದಗಳು, ತಮ್ಮ ಅರ್ಹತೆಗಳನ್ನು ಬಹಳವಾಗಿ ಮೆಚ್ಚಿದ್ದೇವೆ, ಆದರೂ ಸದ್ಯದ ಪರಿಸ್ಥಿತಿಯಲ್ಲಿ ಮುಂದುವರಿಯಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ, ತಮ್ಮ ಭವಿಷ್ಯಕ್ಕೆ ಶುಭ ಕೋರುತ್ತೇವೆ — ಇಂಗ್ಲಿಷಿನಲ್ಲಿ ನಾಲ್ಕು ಸಾಲು, ನಾಲ್ಕೂ ನಾನೇ ಬರೆದವು, ಒಂದು ಅಲ್ಪವಿರಾಮವೂ ಆಚೀಚೆ ಆಗಿಲ್ಲ. ಎರಡು ಸಾವಿರನೇ ಇಸವಿ ಹುಟ್ಟುವ ಮುಂಚೆ ಊರಿಗೆ ಊರೇ ಕಂಪ್ಯೂಟರ್ ಕಲಿತು ಅರ್ಜಿ ಹಾಕುತ್ತಿದ್ದ ಕಾಲ, ಅರ್ಜಿಗಳು ಗೋಣಿಚೀಲದಲ್ಲಿ ಬರುತ್ತಿದ್ದವು, ಒಬ್ಬೊಬ್ಬರಿಗೂ ಇಲ್ಲ ಇಲ್ಲ ಅಂತ ಕುಟ್ಟಿ ಕುಟ್ಟಿ ನನ್ನ ಮಣಿಕಟ್ಟು ಬಾತುಕೊಂಡಿತ್ತು, ಆಗ ಕಂಡುಕೊಂಡೆ, ಪ್ಯಾರಾವನ್ನು ಒಮ್ಮೆ ಚೆನ್ನಾಗಿ ಬರೆದು ಮೂರಕ್ಷರದ ಒಂದು ಹೆಸರು ಕೊಟ್ಟು ಒಳಗೆ ಇಟ್ಟುಬಿಟ್ಟರೆ ಆಯಿತು, ಮುಂದಿನ ಸಲ ಆರ್ ಜಿ ಟಿ ಅಂತ ಹೊಡೆದು ಎಫ್ ತ್ರೀ ಕೀ ಒತ್ತು, ಪ್ಯಾರಾ ಪೂರ್ತಿ ಧೊಪ್ಪೆಂದು ಬಂದು ಬೀಳುತ್ತದೆ. ವಿಷಾದಕ್ಕೊಂದು, ನೇಮಕಕ್ಕೊಂದು, ತಡವಾದದ್ದಕ್ಕೊಂದು, ಮದುವೆ ಆದವರಿಗೊಂದು, ಮನೆಯಲ್ಲಿ ಸಾವಾದವರಿಗೊಂದು, ಎಲ್ಲ ಕೂಡಿಸಿ ಸರ್ವರಿನ ಮೇಲೆ ಇಟ್ಟೆ, ಎಲ್ಲರ ಮಶೀನಿಗೂ ಅದೇ ಬಂತು, ಹೈದರಾಬಾದಿನವರೂ ಮದ್ರಾಸಿನವರೂ ನನ್ನ ಮಾತಲ್ಲೇ ಅಳುವುದು ನನ್ನ ಮಾತಲ್ಲೇ ನಗುವುದು, ಶೋಭಾ ಮೇಡಂ ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು, ನಾನೂ ಉಬ್ಬಿಹೋಗಿದ್ದೆ, ಸುಳ್ಳೇಕೆ. ಆ ವಾರವೇ ಶ್ರೀಹರ್ಷ ಹೊಸದಾಗಿ ಸೇರಿದ, ಟೆಂಡರಿನ ಕಾಗದ ಪತ್ರ ತಯಾರಿಸುವ ವಿಭಾಗಕ್ಕೆ, ಇವರಿಗೂ ಕಲಿಸಮ್ಮಾ ಅಂತ ನನ್ನ ಪಕ್ಕ ತಂದು ಕೂರಿಸಿದರು. ಹತ್ತು ಬೆರಳಲ್ಲಿ ಟೈಪು ಮಾಡು ಮಾರಾಯ ಅಂದರೆ ಆಗಲೇ ಇಲ್ಲ ಅವನಿಗೆ, ಬಲಗೈಯ ತೋರುಬೆರಳು ಒಂದೇ, ಕೋಳಿ ಕಾಳು ಹೆಕ್ಕಿದ ಹಾಗೆ, ಏನಾದರೂ ಹೊಳೆಯದಿದ್ದರೆ ಆ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂತುಬಿಡುವುದು. ಏನ್ರೀ, ಒಂದಕ್ಕೆ ಹೋಗ್ಬೇಕೇನು ಅಂತ ಕೇಳಿದೆ, ಕಿವಿ ಕೆಂಪಾಗುವ ಹಾಗೆ ನಕ್ಕ, ಅವತ್ತೇ ಶುರುವಾಯಿತು ಎಲ್ಲ.

ತಮಾಷೆಯೇ ಇರಬಹುದು, ತಮಾಷೆಯೇ ಇರಬೇಕು, ನಾವು ಮಾತಾಡುತ್ತಿದ್ದದ್ದೇ ಹಾಗಲ್ಲವೇ, ಚಹಾಕ್ಕೆ ಬರ್ತಿಯೇನು ಅಂದರೆ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು ಅನ್ನುವವನು, ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ ಅಂತ ನಾನು, ಬಸ್‌ಸ್ಟಾಪಿಗೆ ತಡವಾಗಿ ಓಡಿ ಬಂದು ಏದುಸಿರು ಬಿಡುತ್ತ, ಈ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋದಾಗ ಮಿರ್ಚಿ ಬಜ್ಜಿಯ ಅಂಗಡಿ ಮುಂದೆ ನಿಂತು ಇನ್ನೊಂದು ಪ್ಲೇಟು ಮಂಜೂರಾಗಿದೆ ಅಂದಿದ್ದ, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ. ಅಷ್ಟೇ ಏಕೆ, ನಾನು ಇಷ್ಟ ಅಂತ ಅವನು ಹೇಳಿದ್ದೇ ನೇಮಕದ ಪ್ಯಾರಾದಲ್ಲಿ, ತಮ್ಮನ್ನು ಕಾಯಂ ಹುದ್ದೆಗೆ ಆಯ್ಕೆ ಮಾಡಿರುವುದಾಗಿ ತಿಳಿಸಲು ಸಂತೋಷಪಡುತ್ತೇವೆ, ಒಪ್ಪಿಗೆಯಿದ್ದಲ್ಲಿ ಸಹಿ ಮಾಡಿ ಹಿಂದಿರುಗಿಸಿ — ನಾನು ಆ ಕಾಗದ ಓದಿ ಬಾತ್‌ರೂಮಿಗೆ ಹೋಗಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕಿದ್ದೆ, ಸಹಿ ಮಾಡಿ ಹಿಂದಿರುಗಿಸಿದೆ. ಅವತ್ತಿನದು ತಮಾಷೆಯಾಗಿರಲಿಲ್ಲ, ಮಾತು ನನ್ನದಾದರೂ ಮನಸ್ಸು ಅವನದಿತ್ತು, ನಾನು ನಂಬಿದೆ, ಹಾಗಾದರೆ ಇವತ್ತಿನದನ್ನೂ — ಇಲ್ಲ, ಇದು ಬೇರೆ, ಇದು ಬೇರೆಯೇ, ಯಾಕೆ ಬೇರೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ ಅಷ್ಟೇ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಅವರ ಮನೆಗೆ ಒಮ್ಮೆ ಕರೆದುಕೊಂಡು ಹೋಗಿದ್ದ, ಜೊತೆಗೆ ಕೆಲಸ ಮಾಡುವವರು ಅಂತ, ಅವನ ತಾಯಿ ಸುಭದ್ರಾಬಾಯಿ ನನ್ನ ಕೈಗೆ ಅವಲಕ್ಕಿ ಕೊಟ್ಟು ಹಣೆ ನೋಡಿದರು, ನೀವು ಯಾವ ಪೈಕಿ ಆದ್ರಿ, ನಾನು ಹೇಳಿದೆ, ಲಿಂಗಾಯತ್ರೀ, ಬೀದರ ಕಡೆಯವ್ರು, ಛಲೋ ಆತು ಬಿಡ್ರಿ, ಅಲ್ಲೂ ಮಂದಿ ಛಲೋ ಇರ್ತಾರ ಅಂದರು, ನಗುನಗುತ್ತಲೇ, ಹರ್ಷ ಕಿಟಕಿ ಆಚೆ ಗೂಡ್ಸ್ ಗಾಡಿ ನೋಡುತ್ತ ಕೂತಿದ್ದ. ಬರುವಾಗ ಆಟೋದಲ್ಲಿ ಕೇಳಿದೆ, ಯಾಕ ಸುಮ್ನ ಕುಂತಿ, ಒಂದ ಮಾತ ಆಡಬಾರದಿತ್ತೇನು — ಏನಂತ ಆಡ್ಲಿ ಶಾಂಭವಿ, ಅಕಿ ನಮ್ಮಮ್ಮ ಇದ್ದಾಳ. ಹೌದು, ಅಮ್ಮ, ಗೊತ್ತು, ನನಗೂ ಒಬ್ಬ ಅಪ್ಪ ಇದ್ದಾರೆ.

ಅಪ್ಪ ಫೋನ್ ಮಾಡುತ್ತಾರೆ, ಶಿಫ್ಟ್ ಬಿಟ್ಟ ಕೂಡಲೇ ಫ್ಯಾಕ್ಟರಿ ಗೇಟಿನ ಎದುರಿನ ಬೂತಿನಿಂದ ಮಾಡುತ್ತೇನೆ ಅಂದಿದ್ದಾರೆ, ಭಾನುವಾರ ಹರ್ಷನ ಕಡೆಯಿಂದ ಎಷ್ಟು ಜನ ಬರುತ್ತಾರೆ ಅಂತ ಹೇಳಬೇಕು ನಾನು, ಅವ್ವ ಹೋಳಿಗೆಗೆ ಬೇಳೆ ತರಿಸಿದ್ದಾಳೆ, ಉಪ್ಪಲ್‌ನಲ್ಲಿರುವ ನಮ್ಮ ಎರಡು ಕೋಣೆಯ ಮನೆಯ ಪರದೆಗಳನ್ನೆಲ್ಲ ಒಗೆದು ಹಾಕಿದ್ದಾಳೆ, ಪಕ್ಕದ ಆನಂದಕುಮಾರ ಅಂಕಲ್ಲರ ಮನೆಯಿಂದ ಕುರ್ಚಿ ಹೇಳಿಟ್ಟಿದ್ದಾಳೆ, ಬ್ಯಾಡಬೇ ಅಂದರೆ ಕೇಳುವುದಿಲ್ಲ. ಬೀದರದಿಂದ ದೊಡ್ಡಪ್ಪ ಚನ್ನಬಸಪ್ಪ ಫೋನಿನಲ್ಲಿ ಹಾರಾಡಿದರು, ನಮ್ಮ ಮಂದ್ಯಾಗ ಗಂಡಸೂರು ಸತ್ತ ಹೋಗ್ಯಾರೇನೋ ಗುರುಸಿದ್ದಾ, ಅಪ್ಪ ಅಣ್ಣನ ಮುಂದೆ ಯಾವತ್ತೂ ತಲೆ ಎತ್ತಿದವರಲ್ಲ, ಅವತ್ತು ಅಂದರು, ಹುಡುಗ ನಮ್ಮ ಮನಿಗೆ ಬರ್ತಾನ ಅಣ್ಣ, ನನ್ನ ಮುಂದ ಕುಂತು ಬಾಯಿ ಬಿಟ್ಟು ಕೇಳ್ತಾನ, ಕೇಳಿದಾ ಅಂದ್ರ ನಾ ಕೊಡಾಂವ, ನೀ ಬೈದ್ರೂ ಅಷ್ಟ, ಹೊಡದ್ರೂ ಅಷ್ಟ. ಅಷ್ಟು ಹೇಳಿ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದರು. ಸೋಮವಾರ ಮೆಟ್ಟಿಲ ಹತ್ತಿರ ಹರ್ಷನನ್ನು ತಡೆದು ಎಲ್ಲ ಹೇಳಿದೆ, ಹಲಗೆ ಬಾರಿಸಿದ ಹಾಗೆ ಹೇಳಿದೆ, ಭಾನುವಾರ ಬರ್ತೀನಿ, ಇಲ್ಲಾ ಬರೂದಿಲ್ಲ, ಎರಡರಾಗ ಒಂದು ಹೇಳು, ಬಾಯಲೆ ಹೇಳಾಕ ಆಗಲಿಲ್ಲಂದ್ರ ಬರದರ ಕೊಡು. ಬರದ ಕೊಡ್ತೀನಿ ಅಂದ, ಎಷ್ಟು ಬೇಗ ಒಪ್ಪಿಕೊಂಡ ಅಂತ ಆಗಲೇ ಅನ್ನಿಸಬೇಕಿತ್ತು ನನಗೆ, ಅನ್ನಿಸಲಿಲ್ಲ. ಬರೆದು ಕೊಟ್ಟಿದ್ದಾನೆ ನೋಡು, ನನ್ನದನ್ನೇ ನನಗೆ, ಸಿಟ್ಟು ಬರುತ್ತಿದೆ, ಕೀಬೋರ್ಡ್ ಎತ್ತಿ ಅವನ ಖಾಲಿ ಕುರ್ಚಿಯ ಮೇಲೆ ಬಿಸಾಡುವಷ್ಟು ಸಿಟ್ಟು, ಮರುಕ್ಷಣ ಛೆ, ತಮಾಷೆ ಮಾಡಿರುತ್ತಾನೆ, ನಾಳೆ ಬಂದು ಹೆಂಗ ಹೆದರಿಸಿದೆ ಅಂತ ಹಲ್ಲು ಕಿಸಿಯುತ್ತಾನೆ, ಆಗ ಒಂದು ಕೊಡಬೇಕು ಕಪಾಳಕ್ಕೆ, ಪ್ರಿಂಟರು ಕಾಗದ ಮುಗಿಸಿಕೊಂಡು ಬೀಪ್ ಬೀಪ್ ಅನ್ನುತ್ತಿದೆ, ಎದ್ದು ಹೋಗಿ ಹಾಕಬೇಕು, ಹಾಕುತ್ತೇನೆ, ಇದನ್ನು ಇನ್ನೊಮ್ಮೆ ಓದಿ.

ಮೇಲೆ ನನ್ನ ಹೆಸರಿದೆ, ಮಿಸ್ ಶಾಂಭವಿ. ಬರೀ ಮಿಸ್. ನಾನು ಪ್ಯಾರಾ ಮಾಡಿಟ್ಟಾಗ ಮಿಸ್ಟರ್, ಮಿಸೆಸ್, ಮಿಸ್ ಮೂರೂ ಹಾಕಿಟ್ಟಿದ್ದೆ, ಬೇಡದ ಎರಡನ್ನು ಅಳಿಸಿಕೊಳ್ಳಲಿ ಅಂತ, ಯಾರೂ ಅಳಿಸುವುದಿಲ್ಲ, ಎಫ್ ತ್ರೀ ಒತ್ತಿದರೆ ಕೆಲಸ ಆಯಿತು ಅಂತ ಅವಸರ, ಎಲ್ಲರಿಗಿಂತ ಗಲೀಜು ಹರ್ಷನದು, ವಾರಂಗಲ್ಲಿನ ಒಬ್ಬ ನಿವೃತ್ತ ಸುಬೇದಾರರಿಗೆ ಮೂರನ್ನೂ ಕಳಿಸಿದ್ದಕ್ಕೆ ಅವರು ಇಲ್ಲಿಗೇ ಬಂದು ಮೀಸೆ ತೋರಿಸಿ ಹೋಗಿದ್ದರು, ಇಂಥವನು ನನಗೆ ಕಳಿಸುವಾಗ ಎರಡನ್ನೂ ಜೋಪಾನವಾಗಿ ಅಳಿಸಿದ್ದಾನೆ, ನಡುವಿನ ಓರೆಗೆರೆಗಳನ್ನೂ ಬಿಟ್ಟಿಲ್ಲ. ತಮಾಷೆಗೆ ಯಾರಾದರೂ ಇಷ್ಟು ಮುತುವರ್ಜಿ ಮಾಡುತ್ತಾರೆಯೇ, ಮಾಡಬಹುದು, ನಾನೇ ಬೈದೂ ಬೈದೂ ಕಲಿತಿರಬಹುದು, ತಲೆಗೆ ಹುಳ ಬಿಟ್ಟುಕೊಳ್ಳಬೇಡ ಶಾಂಭವಿ, ಇನ್ನೊಂದು ದಾರಿಯಿದೆ ನೋಡಲು, ಶೋಭಾ ಮೇಡಂ ತೋರಿಸಿಕೊಟ್ಟದ್ದು, ಯಾವ ಟೈಪಿಸ್ಟು ಸುಮ್ಮನೆ ಕೂತಿದ್ದಾಳೆ ಅಂತ ಹಿಡಿಯಲು ಅವರು ಅದನ್ನೇ ನೋಡುವುದು, ಫೈಲು ಎಷ್ಟು ಹೊತ್ತು ಕೈಯಲ್ಲಿತ್ತು ಅನ್ನುವುದನ್ನು ವರ್ಡು ತಾನೇ ಬರೆದಿಟ್ಟುಕೊಂಡಿರುತ್ತದೆ. ತಮಾಷೆಯಾಗಿದ್ದರೆ ಒಂದು ನಿಮಿಷ, ಮೂರಕ್ಷರ, ಎಫ್ ತ್ರೀ, ಹೆಸರು, ಮುಚ್ಚು, ಒಂದು ನಿಮಿಷವೂ ಬೇಡ, ಒಂದು ನಿಮಿಷ ಅಂತ ಇರಲಿ ದೇವರೇ, ಒಂದು ಅಂತ ಇರಲಿ, ಫೈಲ್ ಮೆನು, ಪ್ರಾಪರ್ಟೀಸ್, ಮೂರನೇ ಪುಟ. ನಿನ್ನೆ ಸಂಜೆ ಮಾಡಿದ ಫೈಲು. ತಿದ್ದಿದ ಸಮಯ, ಎರಡು ಗಂಟೆಗೂ ಮೇಲೆ.

ಎರಡು ಗಂಟೆ. ಚಹಾಕ್ಕೆ ಎದ್ದು ಹೋಗಿರಬಹುದು, ಎರಡು ಗಂಟೆ ಯಾರು ಚಹಾ ಕುಡಿಯುತ್ತಾರೆ. ನಿನ್ನೆ ಎಲ್ಲರೂ ಹೊರಡುವಾಗ, ನೀ ನಡಿ ಶಾಂಭವಿ, ನಂದೊಂದು ಕೆಲಸ ಮುಗಿಸೂದದ ಅಂದ, ಮುಖ ನೋಡದೆ ಅಂದ, ನಾನು ಏಳು ಸೀಟಿನ ಆಟೋದಲ್ಲಿ ಒತ್ತಿಕೊಂಡು ಕೂತು ಭಾನುವಾರ ಯಾವ ಸೀರೆ ಅಂತ ಯೋಚಿಸುತ್ತ ಹೋದೆ, ಹಸಿರೋ ಅರಿಶಿನದ್ದೋ, ಇಲ್ಲಿ ಇವನು ಕೂತಿದ್ದ, ಏನೇನೋ ಹೊಡೆದಿರಬೇಕು, ಶಾಂಭವಿ ಅಂತ ಹೊಡೆದು ಅಳಿಸಿ, ನಮ್ಮಮ್ಮ ಅಂತ ಹೊಡೆದು ಅಳಿಸಿ, ನನಗ ಅಂತ ಹೊಡೆದು ಅಳಿಸಿ, ಅದರಲ್ಲಿ ಒಂದೇ ಒಂದು ಸಾಲು ಬಿಟ್ಟಿದ್ದರೂ ಸಾಕಿತ್ತಲ್ಲೋ, ತಪ್ಪುತಪ್ಪಾಗಿದ್ದರೂ, ಅರ್ಧಕ್ಕೇ ನಿಂತಿದ್ದರೂ, ಹೆದರಿಕೆ ಆಗ್ತದ ಅಂತ ಎರಡೇ ಮಾತು ಇದ್ದಿದ್ದರೆ ನಾನು ಬಂದು ನಿನ್ನ ಕೈ ಹಿಡಿಯುತ್ತಿದ್ದೆ, ನಿಮ್ಮಮ್ಮನ ಮುಂದೆಯೇ ಹಿಡಿಯುತ್ತಿದ್ದೆ. ಕೊನೆಗೆ ಸಾಕಾಗಿ ನನ್ನ ಪ್ಯಾರಾ ಕರೆದಿದ್ದಾನೆ, ಅದು ಯಾರು ಕರೆದರೂ ಬರುತ್ತದೆ. ಫೋನು. ಆಫೀಸಿನ ಟೆಲಿಫೋನ್ ಬೋರ್ಡಿನವಳು, ಶಾಂಭವಿಗಾರೂ, ಮೀ ನಾನ್ನಗಾರು ಅನ್ನುತ್ತಾಳೆ, ಅಪ್ಪನೇ, ಹಿಂದೆ ಲಾರಿಗಳ ಹಾರ್ನು, ಯವ್ವಾ, ಎಷ್ಟ ಮಂದಿ ಬರ್ತಾರ, ನಿಮ್ಮವ್ವ ಕೇಳಾಕತ್ಯಾಳ — ಅನಿವಾರ್ಯ ಕಾರಣಗಳಿಂದ, ಅಂತ ನಾಲಿಗೆ ತುದಿಗೆ ಬಂದೇಬಿಟ್ಟಿತು, ಥೂ, ನುಂಗಿದೆ, ಯಾರೂ ಬರೂದಿಲ್ಲಪ್ಪಾ. ಏನವ್ವಾ. ಯಾರೂ ಬರೂದಿಲ್ಲ, ಅವಗ ಕೇಳಾಕ ಧೈರ್ಯ ಇಲ್ಲ. ಬೂತಿನ ಮೀಟರಿನಲ್ಲಿ ಅಪ್ಪನ ದುಡ್ಡು ಓಡುತ್ತಿದೆ, ಆಮೇಲೆ, ಆತು, ನೀ ಅಳಬ್ಯಾಡ, ನಾ ಬಸ್‌ಸ್ಟಾಪಿಗೆ ಬಂದು ನಿಂತಿರ್ತೀನಿ. ಅಳುತ್ತಿಲ್ಲಪ್ಪಾ ನಾನು, ಅಳು ಬರುತ್ತಿಲ್ಲ, ಶೋಭಾ ಮೇಡಂ ಮತ್ತೆ ಕೂಗುತ್ತಿದ್ದಾರೆ, ಬರುತ್ತೇನೆ, ಬರುತ್ತೇನೆ, ಎದ್ದು ನಿಂತರೆ ಆಚೆ ಸಾಲಿನ ಕೊನೆಯ ಆ ಕುರ್ಚಿಯೇ ಕಾಣುತ್ತದೆ, ಅಲ್ಲಿ ನಿನ್ನೆ ಸಂಜೆ ಕೂತವನು, ಸುತ್ತ ಒಬ್ಬರೂ ಇಲ್ಲದ ಆಫೀಸು, ಎದುರಿಗೆ ಬಿಳೀ ಪುಟ, ಎರಡು ಗಂಟೆ, ಎತ್ತಿ ಹಿಡಿದ ಆ ಒಂದೇ ಬೆರಳು, ಇಳಿಯದೆ, ಇನ್ನೂ ಇಳಿಯದೆ