ಏನೂ ಬಾರದ ಮಕ್ಕಳ ಊರು

ನಯಾಪೈಸೆ ಬಂದ ಹೊಸದರಲ್ಲಿ, ಮಕ್ಕಳ ಬೆಳವಣಿಗೆ ಅಳೆಯುವ ವಿದ್ಯೆಯೂ ನಮ್ಮ ಸೀಮೆಗೆ ಬಂತು. ಕಲಿಸಲು ಪಾವಗಡಕ್ಕೆ ಬಂದವರು ಡಾಕ್ಟರ್ ನಾಗಲಿಂಗಯ್ಯ. ಕಲಿಯಲು ಬಂದವಳು ಶಿರಾದ ಖಾಜಾಬಿ. ವಿದ್ಯೆ ಸುಲಭದ್ದೇ. ಮಗುವಿಗೆ ಏನೇನು ಬರುತ್ತದೆ ಎಂದು ತಾಯಿಯನ್ನು ಕೇಳಬೇಕು, ಹಿಂದೆ ಬಿದ್ದ ಮಕ್ಕಳನ್ನು ಜೀಪಿನಲ್ಲಿ ತುಮಕೂರಿನ ಆಸ್ಪತ್ರೆಗೆ ಒಯ್ಯಬೇಕು.

ವೈ.ಎನ್.ಹೊಸಕೋಟೆ ಹತ್ತಿರದ ಹಳ್ಳಿಯಲ್ಲಿ ಖಾಜಾಬಿ ಮೊದಲು ಗಂಗರತ್ನಮ್ಮನನ್ನು ಕೇಳಿದಳು: "ಮಗ ನಡೀತಾನಾ?"

"ಎಲ್ಲಿ ನಡೀತಾನೆ ಕಣಮ್ಮ, ಮುದುಕನಂಗೆ ಕುಂತಲ್ಲೇ ಕುಂತಿರ್ತಾನೆ."

ಅಷ್ಟರಲ್ಲಿ ಆ ಮಗ ಕೋಳಿ ಅಟ್ಟಿಸಿಕೊಂಡು ಇಬ್ಬರ ನಡುವೆಯೇ ಓಡಿಹೋದ.

ಪರ ಊರಿನವರೆದುರು ಹೆತ್ತವಳು ಮಗುವನ್ನು ಹೊಗಳಿದರೆ ದೃಷ್ಟಿಯಾಗುತ್ತದೆ. ಇದು ಖಾಜಾಬಿಗೆ ತಿಳಿಯದ್ದೇನಲ್ಲ, ಅವರ ಮನೆಯಲ್ಲಿ ಅದಕ್ಕೆ ನಜರ್ ಎನ್ನುತ್ತಿದ್ದರು. ಆದರೆ ತಾಯಿ ಹೇಳಿದ್ದನ್ನೇ ಬರೆಯಬೇಕೆಂಬುದು ಡಾಕ್ಟರರ ಅಪ್ಪಣೆ. ಸಂಜೆಯೊಳಗೆ ಊರಿನ ಮಕ್ಕಳೆಲ್ಲ ಮಂಕುಗಳಾದರು.

ಮುದ್ದಕ್ಕ ಒಬ್ಬಳೇ ಬೇರೆ ರಾಗ ತೆಗೆದಳು. "ನಮ್ ಜುಂಜಂಗೆ ಬರ್ದಿದ್ದೇ ಇಲ್ಲ ಕಣಮ್ಮ! ಕರುದ್ರೆ ಬತ್ತಾನೆ, ಕತೆ ಯೋಳಿದ್ರೆ ಕೇಳ್ತಾನೆ."

ಖಾಜಾಬಿಗೆ ಅನುಮಾನ ಬಂತು. ದೃಷ್ಟಿಗೂ ಹೆದರದೆ ಹೊಗಳುವವಳು ಏನನ್ನೋ ಮುಚ್ಚುತ್ತಿದ್ದಾಳೆ. ಹುಡುಗನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಕರೆದಳು. ಅವನು ಮಣ್ಣಾಟ ಬಿಟ್ಟು ತಲೆ ಎತ್ತಲಿಲ್ಲ.

"ಆಟದಾಗೆ ಮುಳುಗವ್ನೆ," ಎಂದು ಮುದ್ದಕ್ಕ ಎತ್ತಲೋ ನೋಡಿದಳು.

ಮರುದಿನ ಡಾಕ್ಟರರೊಂದಿಗೆ ಜೀಪು ಬಂತು. ಮಂಕುಗಳನ್ನೆಲ್ಲ ಹೇರಿದ್ದಾಯಿತು. ತಾಯಂದಿರು ಗೋಳಾಡಿದರೇ ಹೊರತು ಒಬ್ಬಳಾದರೂ ನಿಜ ಹೇಳಲಿಲ್ಲ. ಮಗು ಚೆನ್ನಾಗಿದೆ ಎಂದರೆ ತಾನೇ ಇಳಿಸಿಕೊಳ್ಳುವುದು? ಹಾಗೆಂದರೆ ದೃಷ್ಟಿ. ಜುಂಜ ಮಾತ್ರ ಕೆಳಗೇ ಉಳಿದ. ಖಾಜಾಬಿಗೆ ತಡೆಯಲಾಗಲಿಲ್ಲ.

"ಸಾರ್, ಇವರೆಲ್ಲ ದೃಷ್ಟಿಗೆ ಹೆದರಿ ಹೇಳಿದ್ದು. ಇಲ್ಲಿ ಬರಲ್ಲ ಅಂದ್ರೆ ಬರುತ್ತೆ ಅಂತ."

ಡಾಕ್ಟರರು ಹಳೆಯ ನಿಯಮವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೋ ಹೊಸದನ್ನೂ ಅಷ್ಟೇ ಬಿಗಿಯಾಗಿ ಹಿಡಿದರು. ಮಕ್ಕಳನ್ನೆಲ್ಲ ಇಳಿಸಿದರು. ಜೀಪು ಬರಿದೇ ಹಿಂದಿರುಗಲಿದೆ ಎಂದು ಕಂಡು ಮುದ್ದಕ್ಕ ಜುಂಜನನ್ನು ಕಂಕುಳಿಗೇರಿಸಿಕೊಂಡು ಅಳುತ್ತ ಬಂದಳು.

"ನಾನ್ ಸುಳ್ ಯೋಳ್ದೆ ಸೋಮಿ. ಎಷ್ಟು ಕೂಗಿದ್ರೂ ನನ್ ಮಗ ತಿರುಗಲ್ಲ. ಇವನ್ನ ಕರ್ಕೊಂಡೋಗಿ."

ಡಾಕ್ಟರರು ನಕ್ಕರು. "ಗೊತ್ತಾಯಿತು ಬಿಡಮ್ಮ, ತಿರುಗಲ್ಲ ಅಂದ್ರೆ ತಿರುಗ್ತಾನೆ ಅಂತ. ನಿನ್ನ ಮಗನಿಗೆ ಯಾರ ದೃಷ್ಟಿಯೂ ತಾಗಲ್ಲ." ಜೀಪಿನಲ್ಲಿ ಕೂತು ಹೊರಡಿಸಲು ಹೇಳಿದರು.

ಖಾಜಾಬಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಯಾ ಅಲ್ಲಾ!" ಎಂದು ಹುಡುಗನನ್ನು ಕಿತ್ತುಕೊಂಡು ಡಾಕ್ಟರರ ತೊಡೆಯ ಮೇಲೆ ಕೂರಿಸಿ, ಡ್ರೈವರನ ಮೇಲಿಂದ ಬಾಗಿ ಹಾರನ್ ಒತ್ತಿಹಿಡಿದಳು. ಕೋಳಿಗಳು ಮಾಳಿಗೆ ಹತ್ತಿದವು. ಊರಿನ ಮಂಕುಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಡಾಕ್ಟರರೂ ಬೆಚ್ಚಿಬಿದ್ದರು. ಜುಂಜ ಅವರ ಕೋಟಿನ ಗುಂಡಿ ತಿರುಗಿಸುತ್ತ ತನ್ನ ಪಾಡಿಗೆ ನಗುತ್ತಿದ್ದ.

ಡಾಕ್ಟರರ ಮುಖದ ನಗು ಇಳಿಯಿತು. ಜೇಬಿನಿಂದ ಪೆನ್ನು ತೆಗೆದು ಮೆಲ್ಲಗೆ ಕೇಳಿದರು: "ಈಗ ಏನಂತ ಬರೆಯಲಿ?"

ಮುದ್ದಕ್ಕ ಜೀಪು ಹತ್ತಿ ಮಗನ ಪಕ್ಕ ಕೂತಳು. "ಬರ್ಯೋದು ಆಮ್ಯಾಕೆ ಸೋಮಿ. ಮೊದ್ಲು ಗಾಡಿ ಬುಡ್ಸಿ."